ಸಂಡಿಗೆಯ ಪಕ್ಕದ ಆರು ಸೆಲ್ಲುಗಳು

ಇವತ್ತು ಬೆಳಿಗ್ಗೆ ನಮ್ಮ ಮನೆಯ ಟಿ.ವಿ. ರಿಮೋಟ್ ಮುಷ್ಕರ ಹೂಡಿತು. ಇಂಥ ಹೊತ್ತಿನಲ್ಲಿ ಮಾಡಬೇಕಾದ ಉಪಚಾರಗಳು ನಿಮಗೂ ಗೊತ್ತಿರುತ್ತವೆ. ಮೊದಲು ಅದನ್ನು ಅಂಗೈಗೆ ಎರಡು ಸಲ ಬಡಿದೆ. ಆಮೇಲೆ ಬೆನ್ನಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೆಬ್ಬೆರಳಿನಿಂದ ಗರಗರ ತಿರುಗಿಸಿದೆ. ಅದಕ್ಕೂ ಬಗ್ಗದಿದ್ದಾಗ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದೆ. ನನ್ನ ವಯಸ್ಸಿಗೆ ಮರ್ಯಾದೆ ಕೊಡುವಂತೆ ಅದು ಒಂದೇ ಒಂದು ಚಾನೆಲ್ ಬದಲಿಸಿ ಮತ್ತೆ ಮಲಗಿಬಿಟ್ಟಿತು. ಉಳಿದದ್ದು ಕೊನೆಯ ಚಿಕಿತ್ಸೆ. ಎರಡೂ ಸೆಲ್ ಹಿಡಿದುಕೊಂಡು ಬಾಲ್ಕನಿಗೆ ಹೋದೆ. ಅಲ್ಲಿ ನನ್ನ ಹೆಂಡತಿ ಶಾರದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅರಳು ಸಂಡಿಗೆ ಇಡುತ್ತಿದ್ದಳು. ಹಾಳೆಯ ಒಂದು ಮೂಲೆಯಲ್ಲಿ ಇಷ್ಟೇ ಇಷ್ಟು ಬಿಸಿಲು ಖಾಲಿ ಇತ್ತು. ಸದ್ದಾಗದಂತೆ ಬಗ್ಗಿ ಸೆಲ್ಲುಗಳನ್ನು ಅಲ್ಲಿ ಮಲಗಿಸಿದೆ.

ಅವಳು ತಲೆ ಎತ್ತಲಿಲ್ಲ. "ಏನ್ರೀ, ಇವತ್ತೂ ಎಲ್ಲಾದ್ರೂ ಶೂಟಿಂಗ್ ಇದ್ಯಾ?" ಎಂದಳು.

ಮದುವೆಯಾಗಿ ಬಹಳ ವರ್ಷವಾದ ಮನೆಗಳಲ್ಲಿ ಜಗಳಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ. ನಮ್ಮ ಮನೆಯಲ್ಲಿ ಈ ಒಂದು ಪ್ರಶ್ನೆ ಸಾಕು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅವಳು ಇದನ್ನು ಕೇಳುತ್ತ ಬಂದಿದ್ದಾಳೆ, ನಾನು ಕೇಳಿಸದವನಂತೆ ಒಳಗೆ ಹೋಗುತ್ತ ಬಂದಿದ್ದೇನೆ. ಇವತ್ತು ಮಾತ್ರ ಅದೇಕೋ ಒಳಗೆ ಹೋಗಲು ಮನಸ್ಸಾಗಲಿಲ್ಲ. ಬಾಲ್ಕನಿಯ ಸ್ಟೂಲಿನ ಮೇಲೆ ಕುಳಿತುಕೊಂಡೆ. ನೀವೂ ಹತ್ತಿರ ಕುಳಿತುಕೊಳ್ಳಿ, ಹೇಳುತ್ತೇನೆ.

ಮೊದಲು ಈ ಬಿಸಿಲಿನ ವಿಷಯ. ನಮ್ಮ ಮನೆತನದಲ್ಲಿ ಸೆಲ್ ಎಂಬುದು ಸಾಯುವುದಿಲ್ಲ; ದಣಿಯುತ್ತದೆ, ಅಷ್ಟೆ. ಮೈಸೂರಿನಲ್ಲಿ ನಮ್ಮ ತಂದೆ ಟ್ರಾನ್ಸಿಸ್ಟರಿನ ಸೆಲ್ಲುಗಳನ್ನು ಭಾನುವಾರಕ್ಕೊಮ್ಮೆ ಹೊರಗೆ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಹೊಸ ಸೆಲ್ ಕೊಳ್ಳುವುದು ಸೋಮಾರಿಗಳ ಕೆಲಸ ಎಂಬುದು ಅವರ ಸಿದ್ಧಾಂತ. ನಗಬೇಡಿ. ಬಿಸಿಲು ಕಂಡ ಸೆಲ್ ಆಮೇಲೆ ಸ್ವಲ್ಪ ಹೊತ್ತು ನಿಜಕ್ಕೂ ಓಡುತ್ತದೆ. ಆ ಸ್ವಲ್ಪ ಹೊತ್ತು ಎಂದರೆ ಎಷ್ಟು ಎನ್ನುವುದನ್ನು ಮಾತ್ರ ನಮ್ಮ ತಂದೆ ಹೇಳಿಕೊಟ್ಟಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾವು ಮುಂಬೈಯ ಸಾಂತಾಕ್ರೂಜ್ ಪೂರ್ವದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯಲ್ಲಿದ್ದೆವು. ನಾನು ಫೋರ್ಟ್ ಪ್ರದೇಶದ ಒಂದು ಕಚೇರಿಯಲ್ಲಿ ಫೈಲುಗಳಿಗೆ ರುಜು ಹಾಕುತ್ತಿದ್ದೆ. ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ ಗೋಡೆ, ಗೋಡೆಯ ಆಚೆಗೆ ಒಂದು ಚಾಳ್, ಸಾಲುಕೋಣೆಗಳ ವಠಾರ. ಬೆಳಿಗ್ಗೆ ಐದೂವರೆಗೆ ಅಲ್ಲಿ ನೀರು ಬರುತ್ತಿತ್ತು, ನೀರಿನ ಜೊತೆ ಬೈಗುಳವೂ ಬರುತ್ತಿತ್ತು, ಎರಡೂ ಮರಾಠಿಯಲ್ಲಿ. ಒಂದು ದಿನ ಅದರ ನಡುವೆ ಕನ್ನಡ ಕೇಳಿಸಿತು. ಯಾರೋ ಕೊಡ ತುಂಬುತ್ತ ಹಾಡುತ್ತಿದ್ದರು.

ಬಾಗ್ಲಾಗ ನಿಂತೀನಿ, ಒಳಗ ಕರಿಯವರಿಲ್ಲ,
ಇಳೀಬೇಕಂದ್ರ ನನ್ನ ಸ್ಟೇಷನ್ ಬಂದಿಲ್ಲ.

ನಾನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನಿಂತುಬಿಟ್ಟೆ. ಹದಿನೈದು ವರ್ಷಗಳಿಂದ ದಿನವೂ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿದವನು ನಾನು. ಒಳಗೆ ಹೋಗಲಾಗದೆ, ಇಳಿಯಲೂ ಆಗದೆ ನಿಲ್ಲುವುದು ಹಾಡಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಅಂದು ಸಂಜೆಯೇ ಚಾಳಿಗೆ ಹೋಗಿ ಆ ದನಿಯನ್ನು ಹುಡುಕಿದೆ.

ಹೆಸರು ಬಸವರಾಜ, ಕರೆಯುವುದು ಬಸು ಎಂದು, ಗದಗಿನ ಕಡೆಯವನು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ಮಷಿನ್ ನಡೆಸುವ ಕೆಲಸ. ಗೋಡೆಗೆ ಒಂದು ಹಳೆಯ ಮ್ಯಾಂಡೊಲಿನ್ ತೂಗುಹಾಕಿದ್ದ. ಅದು ಯಾರ ಹಾಡು ಎಂದು ಕೇಳಿದರೆ ನಾಚಿಕೊಂಡ.

"ನಂದ ರೀ ಸರ. ನಾನ ಬರದೀನಿ, ನಾನ ಕಟ್ಟೀನಿ. ಮಷಿನ್ನಿಗೆ ಒಂದು ತಾಳ ಇರತೈತ್ರಿ. ಅದರ ಮ್ಯಾಲ ಮಾತು ಕೂಡ್ರಸೋದು, ಅಷ್ಟ."

ತಾಳದ ಮಾತು ಬಂದಾಗ ಅವನ ನಾಚಿಕೆ ಹೋಗಿ ಮುಖದಲ್ಲಿ ಹೆಮ್ಮೆ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಹೊತ್ತಿನಿಂದ ನಾನು ಬಸವರಾಜನ ಮ್ಯಾನೇಜರ್ ಆದೆ. ಯಾರೂ ನೇಮಿಸಲಿಲ್ಲ, ಮಧ್ಯಮವರ್ಗದ ಗೃಹಸ್ಥರಿಗೆ ಕಲಾಪೋಷಣೆಯ ಚಪಲ ಹುಟ್ಟಿದರೆ ತಾವೇ ನೇಮಕವಾಗುತ್ತಾರೆ. ಒಂದು ಭಾನುವಾರ ನಮ್ಮ ಮನೆಯ ಬಾಗಿಲು ಕಿಟಕಿಗಳಿಗೆಲ್ಲ ರಜಾಯಿ ಕಟ್ಟಿ, ಫ್ಯಾನ್ ಆರಿಸಿ, ರೇಡಿಯೊ, ಟೇಪ್ ಎರಡೂ ಇದ್ದ ನನ್ನ ಟೂ-ಇನ್-ಒನ್ ಪೆಟ್ಟಿಗೆಯಲ್ಲಿ ಅವನ ಹಾಡನ್ನು ರೆಕಾರ್ಡ್ ಮಾಡಿದೆವು. ಚಾಳಿನ ಒಬ್ಬ ಗೆಳೆಯ ತಬಲಾ ಹಿಡಿದ. ಎರಡನೆಯ ಚರಣದಲ್ಲಿ ಪಕ್ಕದ ಫ್ಲಾಟಿನ ಕುಕ್ಕರ್ ಒಂದು ಸೀಟಿ ಹಾಕಿತು. ಅದನ್ನು ಅಳಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲ. ಆಮೇಲೆ ಕೇಳಿದವರೆಲ್ಲ ರೈಲಿನ ಸೀಟಿ ಎಷ್ಟು ಸರಿಯಾದ ಜಾಗದಲ್ಲಿ ಬಂದಿದೆ ಎಂದು ಹೊಗಳಿದರು. ನಾವು ಬೇಡವೆನ್ನಲಿಲ್ಲ.

ಆ ಕ್ಯಾಸೆಟ್ಟನ್ನು ಗ್ರಾಂಟ್ ರೋಡಿನ ಶೆಟ್ಟರ ಅಂಗಡಿಗೆ ಕೊಂಡೊಯ್ದೆವು. ಶೆಟ್ಟರು ಮಂಗಳೂರ ಕಡೆಯವರು. ಲಾಡ್ಜುಗಳ ಮತ್ತು ಉಡುಪಿ ಹೋಟೆಲುಗಳ ನಡುವೆ ಅವರದು ಕ್ಯಾಸೆಟ್ಟಿನ ಸಣ್ಣ ಅಂಗಡಿ. ಯಕ್ಷಗಾನ, ಭಕ್ತಿಗೀತೆ ಎಲ್ಲ ಮಾರುತ್ತಿದ್ದರು, ವರ್ಷಕ್ಕೆ ಒಂದೆರಡು ಕನ್ನಡ ಕ್ಯಾಸೆಟ್ಟನ್ನು ತಾವೇ ಹೊರತರುತ್ತಿದ್ದರು. ಅಂಗಡಿಯ ಎದುರಿಗೆ, ರಸ್ತೆಗೆ ಮುಖ ಮಾಡಿ, ಒಂದು ಟಿ.ವಿ. ಇಟ್ಟಿದ್ದರು. ಒಂದು ಕಿವಿಯಿಂದ ಹಾಡು ಕೇಳಿ, ಇನ್ನೊಂದು ಕಿವಿಯಿಂದ ಗಿರಾಕಿಯನ್ನು ವಿಚಾರಿಸಿ, ಕೊನೆಗೆ ಹೇಳಿದರು:

"ಹಾಡು ಲಾಯ್ಕುಂಟು. ಆದ್ರೆ ಈಗ ಕೇಳುವವರು ಎಲ್ಲಿದ್ದಾರೆ ಮಾರಾಯ್ರೆ, ಎಲ್ಲ ನೋಡುವವರೇ. ಒಂದು ವಿಡಿಯೊ ಮಾಡಿ ತನ್ನಿ. ಈ ಟಿ.ವಿ.ಯಲ್ಲಿ ಹಾಕುವ. ಜನ ನಿಂತ್ರೆ ಕ್ಯಾಸೆಟ್ ತರುವ. ನಿಲ್ಲದಿದ್ರೆ ನೀವೂ ನಿಲ್ಲಬೇಡಿ."

ಹಿಂದಿರುಗುವಾಗ ಲೋಕಲಿನಲ್ಲಿ ಬಸು ಜೇಬಿನಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದು ತೋರಿಸಿದ. ಅವನ ಅಣ್ಣ ಬರೆದದ್ದು. ಊರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಹಾಡಿದ್ದು ಸಾಕು, ದೀಪಾವಳಿಗೆ ಬಂದು ಗಿರಣಿ ಹಿಡಿ, ಇಲ್ಲದಿದ್ದರೆ ಬೇರೆಯವರಿಗೆ ವಹಿಸುತ್ತೇನೆ ಎಂದಿತ್ತು. ದೀಪಾವಳಿಗೆ ಇನ್ನು ಆರು ವಾರ.

"ಮಂದಿ ನಿಂತ್ರ ನಾನೂ ಮುಂಬೈದಾಗ ನಿಲ್ತೀನಿ ಸರ," ಎಂದ ಬಸು. "ನಿಲ್ಲಲಿಲ್ಲಂದ್ರ ಗಿರಣಿ. ಅದಕ್ಕೂ ಒಂದು ತಾಳ ಇರತೈತಿ, ಆದ್ರ ಅದರ ಸದ್ದಿನ್ಯಾಗ ನನ್ನ ಹಾಡು ನನಗೂ ಕೇಳ್ಸಂಗಿಲ್ಲ."

ವಿಡಿಯೊ ಮಾಡುವವನನ್ನು ಬಸುವೇ ಕಾಂದಿವಲಿಯಲ್ಲಿ ಹುಡುಕಿದ. ಪರೇಶ್‌ಭಾಯಿ ಎಂಬ ಗುಜರಾತಿ, ದುಂಡಗಿನ ಮನುಷ್ಯ, ಮದುವೆ ಮುಂಜಿಗಳ ವಿಡಿಯೊದಲ್ಲಿ ಪಳಗಿದ ಕೈ. ಹಾಡಿನ ಚಿತ್ರ ತೆಗೆದವನಲ್ಲ, ತೆಗೆಯುತ್ತೇನೆಂದು ಕನಸು ಕಂಡವನೂ ಅಲ್ಲ. ನಾವು ಎಲ್ಲ ವಿವರಿಸಿದ ಮೇಲೆ ಬಹಳ ಹೊತ್ತು ಯೋಚಿಸಿ, "ಲೇಕಿನ್ ದುಲ್ಹನ್ ಕಹಾಂ ಹೈ?" ಎಂದು ಕೇಳಿದ. ವಧುವಿಲ್ಲದೆ ಕ್ಯಾಮೆರಾ ಯಾವ ಕಡೆ ತಿರುಗಿಸಬೇಕೆಂಬುದು ಅವನಿಗೆ ನಿಜವಾಗಿ ತಿಳಿಯಲಿಲ್ಲ. ಅವನ ವೃತ್ತಿಗೆ ಒಂದೇ ಒಂದು ಧರ್ಮವಿತ್ತು. ಬಂದವರೆಲ್ಲರ ಮುಖ ವಿಡಿಯೊದಲ್ಲಿ ಬರಬೇಕು. "ಸಬ್ ಕಾ ಫೇಸ್ ಆನಾ ಮಾಂಗ್ತಾ," ಎನ್ನುತ್ತಿದ್ದ. ಒಬ್ಬ ಸೋದರಮಾವ ತಪ್ಪಿಹೋದರೂ ಆ ಕುಟುಂಬ ಇನ್ನು ಮೂರು ತಲೆಮಾರು ತನ್ನನ್ನು ಕರೆಯುವುದಿಲ್ಲ ಎಂದು ಅವನ ಭಯ.

ಚಿತ್ರೀಕರಣಕ್ಕೆ ಎಸ್ಟೇಟಿನ ಮಾಲೀಕರು ಒಂದು ಭಾನುವಾರ, ಒಂದೇ ಒಂದು ಭಾನುವಾರ, ಅಂಗಳ ಬಿಟ್ಟುಕೊಟ್ಟರು. ಲೋಕಲಿನಲ್ಲಿ ಕ್ಯಾಮೆರಾ ಹಿಡಿಯಲು ಅನುಮತಿ ಎಲ್ಲಿಂದ ಬರಬೇಕು? ಅಂಗಳದ ಮೂಲೆಯಲ್ಲಿ ಗುಜರಿಗೆ ಕಾದಿದ್ದ ಒಂದು ಲಾರಿಯ ಮುಂಭಾಗವಿತ್ತು. ಅದರ ಬಾಗಿಲಲ್ಲಿ ಬಸು ನೇತಾಡಬೇಕು, ಇಬ್ಬರು ಹಿಂದಿನಿಂದ ಲಾರಿಯನ್ನು ಅಲುಗಿಸಬೇಕು, ಕೂದಲು ಹಾರಲು ಕಾರ್ಖಾನೆಯ ದೊಡ್ಡ ಫ್ಯಾನ್ ಬೀಸಬೇಕು. ಹಾಡು ನನ್ನ ಟೂ-ಇನ್-ಒನ್ನಿನಲ್ಲಿ ನುಡಿಯುತ್ತದೆ, ಬಸು ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು. ಯೋಜನೆ ನನ್ನದೇ. ಶನಿವಾರ ಬಸು ಬಂದು, "ಸರ, ಹೊಸಾ ಸೆಲ್ ಹಾಕ್ಕೊಂಡು ಬರ್ರಿ ಮತ್ತ," ಎಂದು ನೆನಪಿಸಿದ.

"ಅದೆಲ್ಲ ನನಗೆ ಬಿಡು," ಎಂದೆ.

ಆ ಪೆಟ್ಟಿಗೆಗೆ ದಪ್ಪನೆಯ ಆರು ಸೆಲ್ ಬೇಕು. ಶುಕ್ರವಾರದಿಂದಲೇ ಅವು ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ಶಾರದೆಯ ಸಂಡಿಗೆಯ ಪಕ್ಕದಲ್ಲಿ, ಮೈ ಕಾಯಿಸಿಕೊಳ್ಳುತ್ತಿದ್ದವು. ಕಾಗೆಗೆ ಕೋಲು ಹಿಡಿದು ಕುಳಿತಿದ್ದ ಅವಳು, "ಮಗ್ಗುಲು ತಿರುಗಿಸ್ಲಾ? ಆ ಕಡೇನೂ ಒಣಗ್ಲಿ," ಎಂದು ಕೇಳಿದಳು. ನಾನು ಅದನ್ನು ಸಹಕಾರವೆಂದೇ ತಿಳಿದು ತಿರುಗಿಸಲು ಹೇಳಿದೆ.

ಭಾನುವಾರ ಹತ್ತು ಗಂಟೆಗೆ ಶುರುವಾಯಿತು. ಎಸ್ಟೇಟಿನ ಸುತ್ತ ಕೆಲಸ ಮಾಡುವ ನಮ್ಮ ಉತ್ತರ ಕರ್ನಾಟಕದ ಮಂದಿಯೆಲ್ಲ ನೋಡಲು ನೆರೆದರು. ಕಟ್ಟಡದ ಕೆಲಸದವರು, ವಾಚ್‌ಮನ್, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಗೇಟಿನ ಹೊರಗೆ ಚಹಾ, ರೊಟ್ಟಿ ಮಾರುವ ಬಿಜಾಪುರದ ನೀಲವ್ವ ತನ್ನ ಒಲೆಯನ್ನು ಬಿಟ್ಟು ಮುಂದಿನ ಸಾಲಿನಲ್ಲೇ ಬಂದು ಕುಳಿತಳು. ವೈರಿನ ತುದಿಯಲ್ಲಿ ಎರಡೇ ಪ್ಲಗ್ ಇದ್ದವು. ಒಂದು ಕ್ಯಾಮೆರಾಕ್ಕೆ ಹೋಯಿತು. ಉಳಿದ ಒಂದಕ್ಕೆ ಫ್ಯಾನೋ ನನ್ನ ಪೆಟ್ಟಿಗೆಯೋ ಎಂಬ ಪ್ರಶ್ನೆ ಬಂದಾಗ ನಾನು ಉದಾರವಾಗಿ ಕೈಯಾಡಿಸಿ, "ಫ್ಯಾನಿಗೇ ಕೊಡಿ, ನನ್ನ ಹತ್ರ ಸೆಲ್ ಇದೆ," ಎಂದೆ. ಎಲ್ಲರೂ ನನ್ನನ್ನು ಗೌರವದಿಂದ ನೋಡಿದರು.

ಮೊದಲ ಸಲ ಮೊದಲ ಸಾಲು ಚೆನ್ನಾಗಿ ಬಂತು. ಆದರೆ ಇಂಥ ಕೆಲಸ ಒಂದು ಸಲಕ್ಕೆ ಮುಗಿಯುವುದಿಲ್ಲ. ಲಾರಿ ಅಲುಗಿಸುವವರು ಮುಂದಕ್ಕೆ ಬಂದುಬಿಟ್ಟರು, ಫ್ಯಾನಿನ ಮುಂದೆ ನಾಯಿ ಮಲಗಿತು, ಹೀಗೆ ಮತ್ತೆ ಮತ್ತೆ. ಆರನೆಯ ಏಳನೆಯ ಸಲಕ್ಕೆ ಬರುವಾಗ ಬಸು ಲಾರಿಯಿಂದಿಳಿದು ನನ್ನ ಹತ್ತಿರ ಬಂದ.

"ಸರ, ಶ್ರುತಿ ಇಳದಂಗ ಕೇಳ್ತೈತಿ. ಹಾಡು ಯಾಕೋ ಭಾರ ಆಗೈತ್ರಿ."

"ಬಯಲಲ್ಲಿ ಹಂಗೇ ಕೇಳ್ಸೋದು ಬಸೂ," ಎಂದೆ. "ಫ್ಯಾನ್ ಗಾಳಿ ಬೇರೆ. ಬಿಸಿಲಲ್ಲಿ ನಿಂತು ನಿಂಗೂ ದಣಿವಾಗಿದೆ."

ನಾನು ಸುಳ್ಳು ಹೇಳುತ್ತಿರಲಿಲ್ಲ, ನಂಬಿ. ತಿಳಿಯದ್ದನ್ನು ತಿಳಿದವನಂತೆ ಹೇಳುತ್ತಿದ್ದೆ. ಕಚೇರಿಯಲ್ಲಿ ಹದಿನೈದು ವರ್ಷ ಮಾಡಿದ ಕೆಲಸವೇ ಅದು. ಬಸು ತನ್ನ ಕಿವಿಯನ್ನು ಪಕ್ಕಕ್ಕಿಟ್ಟು, ಇಂಗ್ಲಿಷ್ ಪೇಪರ್ ಓದುವ ನನ್ನ ಮಾತನ್ನು ನಂಬಿದ. ತಲೆಯಾಡಿಸಿ ಮತ್ತೆ ಲಾರಿ ಹತ್ತಿದ. ಹಾಡು ಹೇಗೆ ಎಳೆಯಿತೋ ಹಾಗೆ ತಾನೂ ಎಳೆದ. ಕೈಕಾಲು ನಿಧಾನವಾದವು, ಕಣ್ಣು ಅರ್ಧ ಮುಚ್ಚಿತು, ಮುಖದಲ್ಲಿ ಎಲ್ಲಿಲ್ಲದ ದುಃಖ ಕಾಣಿಸಿತು. ಪರೇಶ್‌ಭಾಯಿಗೆ ಖುಷಿಯೋ ಖುಷಿ. "ಏಕ್‌ದಂ ಫೀಲಿಂಗ್ ಆಯಾ," ಎಂದ. ನೀಲವ್ವ ಮಾತ್ರ ಕುಳಿತಲ್ಲಿಂದಲೇ, "ಯಾಕೋ ಬಸ್ಯಾ, ಉಂಡಿಲ್ಲೇನ?" ಎಂದು ಕೇಳಿದಳು. ಅಲ್ಲಿದ್ದವರಲ್ಲಿ ಸಂಗೀತದ ಜ್ಞಾನ ಇದ್ದದ್ದು ಅವಳೊಬ್ಬಳಿಗೇ ಎಂದು ಈಗ ಅನ್ನಿಸುತ್ತದೆ.

ಮನೆಗೆ ಬಂದು, ಶಾರದೆಗೆ ನಮ್ಮ ಸಾಹಸ ಬಣ್ಣಿಸುತ್ತ, ಕ್ಯಾಸೆಟ್ ಹಾಗೆಯೇ ಹಚ್ಚಿದೆ. ಪೆಟ್ಟಿಗೆಯೊಳಗಿಂದ ಎಮ್ಮೆಯೊಂದು ಕನ್ನಡದಲ್ಲಿ ಹಾಡಿತು. ಕುಕ್ಕರಿನ ಸೀಟಿ ಹಡಗಿನ ಕೂಗಿನಂತೆ ಬಂತು. ಶಾರದೆ ಒಂದು ಕ್ಷಣ ಕೇಳಿ, ಎದ್ದು ಹೋಗಿ, ಪೆಟ್ಟಿಗೆಯ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ಬಸುವಿನ ನಿಜವಾದ ದನಿ ಚುರುಕಾಗಿ ಹೊರಟಿತು.

"ಸಂಡಿಗೆ ಪಕ್ಕ ಇದ್ದಿದ್ದೇ ಹಾಕ್ಕೊಂಡು ಹೋದ್ರಾ?" ಎಂದು ಮೆತ್ತಗೆ ಕೇಳಿದಳು.

ಇಡೀ ದಿನ ಬಸು ತುಟಿಯಾಡಿಸಿದ್ದು ಸಾಯುತ್ತಿದ್ದ ಸೆಲ್ಲಿನಲ್ಲಿ ನಿಧಾನವಾಗುತ್ತ ಹೋದ ಹಾಡಿಗೆ. ವಿಡಿಯೊಕ್ಕೆ ಸೇರಿಸುವುದು ಮೂಲ ಹಾಡು. ಎರಡೂ ಯಾವ ಜನ್ಮಕ್ಕೂ ಕೂಡುವುದಿಲ್ಲ.

ಮುಂದಿನ ವಾರ ಪರೇಶ್‌ಭಾಯಿಯ ಕೋಣೆಯಲ್ಲಿ, ಎರಡು ವಿ.ಸಿ.ಆರ್.ಗಳ ಮುಂದೆ, ನಾವು ಮೂವರೂ ಕುಳಿತಿದ್ದೆವು. ಮೊದಲ ಸಾಲು ಸರಿಯಾಗಿ ಕೂಡಿತು. ಬಸು ನನ್ನ ತೊಡೆಯನ್ನು ಒತ್ತಿ ಹಿಡಿದ. ಆಮೇಲೆ ತುಟಿ ಹಿಂದುಳಿಯಿತು. ಇನ್ನೂ ಹಿಂದುಳಿಯಿತು. ಹಾಡು ಮುಗಿದಾಗ ಪರದೆಯ ಮೇಲಿನ ಬಸುವಿಗೆ ಒಂದೂವರೆ ಸಾಲು ಬಾಕಿ ಇತ್ತು. ಅವನು ಕಣ್ಣು ಮುಚ್ಚಿ, ದನಿಯಿಲ್ಲದೆ, ಭಾವಪೂರ್ಣವಾಗಿ ಹಾಡುತ್ತಲೇ ಇದ್ದ. ಪರೇಶ್‌ಭಾಯಿ ತನ್ನ ಮಷಿನ್ನಿನ ತಲೆಗೆ ಬಡಿದು ಅದರದೇ ದೋಷವೆಂದ. ಬಸು ಪರದೆಯ ಹತ್ತಿರಕ್ಕೆ ಸರಿದು ತನ್ನ ತುಟಿಯನ್ನೇ ನೋಡಿದ.

"ಮಷಿನ್ ಸರಿ ಐತಿ," ಎಂದ ಕೊನೆಗೆ. "ತಾಳ ತಪ್ಪಿದ್ದು ನಂದ. ತಾಳ ನನ್ನ ಕೈಯಾಗ ಐತಿ ಅನ್ಕೊಂಡಿದ್ನಲ್ರೀ ಸರ, ಇಲ್ಲ ನೋಡ್ರಿ."

ಒಬ್ಬ ಮಷಿನ್ನನ್ನು ಬೈದುಕೊಂಡ, ಒಬ್ಬ ತನ್ನನ್ನೇ ಬೈದುಕೊಂಡ. ಬೈಸಿಕೊಳ್ಳಬೇಕಾದ ನಾನು ನಡುವೆ ಕುಳಿತು ಮೇಲಿನ ಬಲ್ಬನ್ನು ನೋಡುತ್ತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಿದರೆ ನನ್ನ ಮ್ಯಾನೇಜರಿಕೆ ಹೋಗುತ್ತಿತ್ತು, ಅಷ್ಟೆ. ಆದರೆ ಆ ಕೋಣೆಯಲ್ಲಿ ನನಗೆ ಆ ಅಷ್ಟೇ ಎನ್ನುವುದು ಬಹಳ ದೊಡ್ಡದಾಗಿ ಕಂಡಿತು.

ಮತ್ತೆ ಚಿತ್ರೀಕರಿಸಲು ಅಂಗಳವಿಲ್ಲ, ದೀಪಾವಳಿಗೆ ಮೂರು ವಾರ. ನಮ್ಮನ್ನು ಕಾಪಾಡಿದ್ದು ಪರೇಶ್‌ಭಾಯಿಯ ವೃತ್ತಿಧರ್ಮ. ಹಳೆಯ ಅಭ್ಯಾಸದಂತೆ ಅವನು ಅಂದು ನೆರೆದವರೆಲ್ಲರ ಮುಖವನ್ನೂ, ಒಬ್ಬೊಬ್ಬರದಾಗಿ, ಮದುವೆಯ ಪಂಕ್ತಿಯಲ್ಲಿ ತೆಗೆಯುವಂತೆ ತೆಗೆದಿಟ್ಟಿದ್ದ. "ಇಸ್ ಕಾ ಮುಂಹ್ ನಹೀಂ ಬೈಠ್‌ತಾ, ತೋ ದೂಸ್ರೇ ಕಾ ಡಾಲ್ ದೇಂಗೆ," ಎಂದ. ಇವನ ಬಾಯಿ ಕೂಡದಿದ್ದರೇನು, ಬೇರೆಯವರ ಮುಖ ಹಾಕಿದರಾಯಿತು ಎಂದು ಅರ್ಥ. ತುಟಿ ತಪ್ಪಿದಲ್ಲೆಲ್ಲ ಒಂದೊಂದು ಮುಖ ಬಂದು ಕುಳಿತಿತು. ಸಿಮೆಂಟು ಮೆತ್ತಿದ ಹುಬ್ಬಿನ ಮೇಸ್ತ್ರಿ, ಆಕಳಿಸುವ ವಾಚ್‌ಮನ್, ಸೆರಗು ಸರಿಮಾಡಿಕೊಂಡು ಫೋಟೊಕ್ಕೆ ನಿಂತಂತೆ ನಿಂತ ಹೆಂಗಸರು. ಒಳಗೆ ಕರಿಯವರಿಲ್ಲ ಎಂಬ ಸಾಲಿಗೆ ನೀಲವ್ವ, ಗಲ್ಲಕ್ಕೆ ಕೈಯಿಟ್ಟು, ಕ್ಯಾಮೆರಾವನ್ನೇ ದಿಟ್ಟಿಸುತ್ತ. ನಾಲ್ಕು ನಿಮಿಷದ ಹಾಡಿನಲ್ಲಿ ಬಸು ಮೊದಲ ಸಾಲಿಗೊಮ್ಮೆ ಕಂಡ, ಆಮೇಲೆ ಕಂಡದ್ದೆಲ್ಲ ಬೆನ್ನು. ಕೊನೆಯಲ್ಲಿ, ಪರೇಶ್‌ಭಾಯಿಯ ಮದುವೆ ವಿಡಿಯೊದ ಕೈಯಭ್ಯಾಸದಿಂದ, ಒಂದು ಗುಲಾಬಿ ಅರಳಿ ಅದರೊಳಗೆ ಗಣಪತಿ ಬಂದ. ಅದನ್ನು ತೆಗೆಸಲು ನಮಗೆ ಧೈರ್ಯ ಬರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಶೆಟ್ಟರು ಆ ವಿಡಿಯೊ ಕ್ಯಾಸೆಟ್ಟನ್ನು ಅಂಗಡಿಯ ಟಿ.ವಿ.ಗೆ ಹಾಕಿದರು. ಬಸು ಒಳಗೆ ಬರಲೊಲ್ಲದೆ ರಸ್ತೆಯ ಆಚೆ, ಟಿ.ವಿ.ಗೆ ಬೆನ್ನು ಮಾಡಿ ನಿಂತ. ಮೊದಲ ಸಲಕ್ಕೆ ಯಾರೂ ನಿಲ್ಲಲಿಲ್ಲ. ಎರಡನೆಯ ಸಲಕ್ಕೆ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹಮಾಲ ನಿಂತ. ಕತ್ತು ಹೊರಳಿಸಲಾಗದೆ ಮೈಯನ್ನೇ ಪೂರ್ತಿ ತಿರುಗಿಸಿ ನೋಡಿದ.

"ಏ, ಟೀವಿಯಾಗ ನಮ್ಮಂಥವ್ರು ಬಂದಾರಲೇ," ಎಂದು ಹಿಂದಿನವನನ್ನು ಕರೆದ. "ಆಕಿನ್ನ ನೋಡ, ಥೇಟ್ ನಮ್ಮ ದೊಡ್ಡವ್ವ ಇದ್ದಂಗ ಅದಾಳ."

ಹಿಂದಿನವನು ನಿಂತ. ಅವನ ಹಿಂದೆ ಹೋಟೆಲಿನಿಂದ ಊಟದ ಬಿಡುವಿಗೆ ಹೊರಬಂದವರು ನಿಂತರು. ಐದನೆಯ ಸಲಕ್ಕೆ ಫುಟ್‌ಪಾತ್ ಸಾಲದೆ ಜನ ರಸ್ತೆಗಿಳಿದರು. ಯಾರೋ ಹಾಡನ್ನು ಗುನುಗತೊಡಗಿದರು. ಶೆಟ್ಟರು ಗಲ್ಲಾದ ಹಿಂದಿನಿಂದ ಎದ್ದು ಬಂದು ಇಣುಕಿ ನೋಡಿದರು.

"ಹಾಡುವವ ಎಲ್ಲಿ ಮಾರಾಯ್ರೆ ಇದ್ರಲ್ಲಿ?" ಎಂದರು. ಆಮೇಲೆ ಹೊರಗಿನ ಗುಂಪನ್ನು ನೋಡಿ, "ಇರ್ಲಿ ಬಿಡಿ. ಜನ ನಿಂತಿದ್ದಾರಲ್ಲ. ಕ್ಯಾಸೆಟ್ ತರುವ," ಎಂದರು.

ನಾನು ರಸ್ತೆ ದಾಟಿ ಓಡಿದೆ. ಬಸು ತಿರುಗದೆಯೇ, "ಎಷ್ಟ ಮಂದಿ ನಿಂತಾರ್ರಿ ಸರ?" ಎಂದು ಕೇಳಿದ. ಬಸ್ಸಿಗೆ ದಾರಿಯಿಲ್ಲ ಎಂದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನಗೂ ಕಣ್ಣು ತುಂಬಿತು. ಅಂಥ ಸಂತೋಷ ನನಗೆ ನನ್ನ ಪ್ರಮೋಶನ್ನಿನಲ್ಲೂ ಆಗಿರಲಿಲ್ಲ.

ಆಮೇಲೆ ಹೋಟೆಲಿನಲ್ಲಿ ಕುಳಿತಾಗ ಅವನು ಹೇಳಿದ: "ಹಾಡು ಗೆದ್ದೈತಿ ಸರ, ನಾ ಸೋತೆ. ತಾಳ ಇಲ್ಲದವನ ಮಾರಿ ಮುಚ್ಚಿ ಪರೇಶ್‌ಭಾಯಿ ಹಾಡು ಉಳಿಸಿದ್ರು."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಸಾಲೆ ದೋಸೆ ಬಂತು. ತೆರೆದ ಬಾಯಿಗೆ ದೋಸೆ ಹಾಕಿಕೊಂಡೆ. ದೋಸೆ ಬಹಳ ಚೆನ್ನಾಗಿತ್ತು ಎಂಬುದೂ ನೆನಪಿದೆ.

ಗಿರಣಿಗೆ ಬರುವುದಿಲ್ಲವೆಂದು ಬಸು ಅಣ್ಣನಿಗೆ ಪತ್ರ ಬರೆದ. ಹಾಡಿನ ಮುಂದಿನ ಪಯಣ ನಮ್ಮ ಕೈಯಲ್ಲಿರಲಿಲ್ಲ. ಕಾಂದಿವಲಿಯಲ್ಲಿ ಕೇಬಲ್ ನಡೆಸುವವನೊಬ್ಬ ಸಿನಿಮಾ ಬದಲಿಸುವ ನಡುವೆ ಅದನ್ನು ಹಾಕತೊಡಗಿದ. ಮುಖ ಬಂದವರೆಲ್ಲ ತಮ್ಮ ಮುಖ ನೋಡಲು ಬಂದರು. ಟಿ.ವಿ. ಇಲ್ಲದವರು ಇದ್ದವರ ಬಾಗಿಲಲ್ಲಿ ನಿಂತರು, ನೆಂಟರನ್ನು ಕರೆತಂದರು, ಒಬ್ಬರಿಂದೊಬ್ಬರು ಕಾಪಿ ಮಾಡಿಸಿಕೊಂಡು ಊರಿಗೂ ಒಯ್ದರು. ನಾಲ್ಕು ಸೆಕೆಂಡಿನ ತಮ್ಮ ಮುಖಕ್ಕಾಗಿ ನಾಲ್ಕು ನಿಮಿಷದ ಹಾಡನ್ನು ಮೂವತ್ತು ಸಲ ಕೇಳಿ ಎಲ್ಲರಿಗೂ ಅದು ಬಾಯಿಪಾಠವಾಯಿತು. ಕನ್ನಡ ಬಾರದ ಮಕ್ಕಳೂ ಕ್ರಿಕೆಟ್ ಆಡುತ್ತ ಬಾಗ್ಲಾಗ ನಿಂತೀನಿ ಎನ್ನುತ್ತಿದ್ದವು. ನೀಲವ್ವನ ಚಹಾಕ್ಕೆ ಹೊಸ ಗಿರಾಕಿಗಳು ಬಂದರು. ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ. "ಮೊದ್ಲ ಹೇಳಿದ್ರ ಇಲಕಲ್ ಸೀರಿ ಉಟ್ಕೊಂಡ್ ಬರತಿದ್ನಲ್ಲೋ," ಎಂದು ನನ್ನನ್ನು ಕಂಡಾಗಲೆಲ್ಲ ಬೈಯುತ್ತಿದ್ದಳು.

ಕ್ಯಾಸೆಟ್ ಎರಡಾದವು, ಮೂರಾದವು. ಇನ್ನೊಂದು ವಿಡಿಯೊ ಮಾಡುವ ಎಂದು ಶೆಟ್ಟರು ಎಷ್ಟು ಸಲ ಕೇಳಿದರೂ ಬಸು ಒಪ್ಪಲಿಲ್ಲ. "ಕ್ಯಾಮೆರಾದ ಮುಂದ ನನ್ನ ತಾಳ ಕೈ ಕೊಡತೈತ್ರಿ," ಎನ್ನುತ್ತಿದ್ದ. ಅಷ್ಟೇ ಆಗಿದ್ದರೆ ನಾನು ಹೇಗೋ ಮರೆಯುತ್ತಿದ್ದೆ. ಕನ್ನಡ ಸಂಘದ ವೇದಿಕೆಯಲ್ಲಿ ಅವನು ಹಾಡುವಾಗ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಬಲಗಾಲಿನಿಂದ ನೆಲವನ್ನು ಗಟ್ಟಿಯಾಗಿ ತಟ್ಟುತ್ತಿದ್ದ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ತಪ್ಪಿಹೋಗುವ ಮಗುವಿನ ಕೈ ಹಿಡಿದುಕೊಂಡವನ ಹಾಗೆ. ಮೈಕಿನವರು ಅವನ ಕಾಲಿನ ಕೆಳಗೆ ಚಾಪೆ ಹಾಕುವುದನ್ನು ಕಲಿತರು. ಜನ ಅದನ್ನು ಅವನ ಶೈಲಿ ಎಂದು ಮೆಚ್ಚಿದರು. ಅದು ನನ್ನ ಆರು ಸೆಲ್ಲುಗಳ ಸದ್ದು ಎಂಬುದು ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬಳು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು.

ಇವತ್ತು ಬಾಲ್ಕನಿಯಲ್ಲಿ ಕುಳಿತು ಇದನ್ನೆಲ್ಲ ನೆನೆದಾಗ ಆ ಕಾಲಿನ ಸದ್ದು ಕೇಳಿಸಿದಂತಾಯಿತು. ಎದ್ದು ಒಳಗೆ ಹೋಗಿ ಬಸುವಿಗೆ ಫೋನ್ ಮಾಡಿದೆ. ಅವನೀಗ ಕಾಂದಿವಲಿಯಲ್ಲೇ ಇದ್ದಾನೆ, ಕೆಲಸದಿಂದ ನಿವೃತ್ತನಾಗಿದ್ದಾನೆ, ಭಾನುವಾರ ಮಕ್ಕಳಿಗೆ ಹಾಡು ಹೇಳಿಕೊಡುತ್ತಾನೆ. ನಾನು ಪೀಠಿಕೆ ಹಾಕಲಿಲ್ಲ. ಇವತ್ತು ಬಿಸಿಲಿಗಿಟ್ಟ ರಿಮೋಟಿನ ಎರಡು ಸೆಲ್ಲು, ಅಂದಿನ ಟೆರೇಸು, ಸಂಡಿಗೆ, ಆರು ಸೆಲ್ಲು, ಮನೆಗೆ ಬಂದು ಕೇಳಿದ ಎಮ್ಮೆಯ ದನಿ, ಪರೇಶ್‌ಭಾಯಿಯ ಕೋಣೆಯ ಬಲ್ಬು, ದೋಸೆ, ಎಲ್ಲ ಹೇಳಿದೆ.

"ಹಂಗಾದ್ರ," ಎಂದ ಬಸು ನಿಧಾನವಾಗಿ, "ಅವತ್ತ ನನ್ನ ತಾಳ ಸರಿ ಇತ್ತೇನ್ರಿ ಸರ?"

"ಸರಿ ಇತ್ತು ಬಸೂ. ಹಾಡು ಎಷ್ಟು ನಿಧಾನ ಆಯ್ತೋ ನೀನೂ ಅಷ್ಟೇ ನಿಧಾನವಾಗಿ ಹಾಡ್ದೆ. ಒಂದಕ್ಷರ ಆಚೀಚೆ ಆಗ್ಲಿಲ್ಲ. ಸಾಯೋ ಸೆಲ್ಲಿನ ಜೊತೆ ಅಷ್ಟು ಸರಿಯಾಗಿ ಹೋಗೋಕೆ ತಾಳ ಇಲ್ಲದವನ ಕೈಲಿ ಆಗ್ತಿತ್ತಾ?"

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಫೋನ್ ಇಡಬ್ಯಾಡ್ರಿ," ಎಂದ.

ಕುರ್ಚಿ ಸರಿಸಿದ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಹಾಡಿದ. ದನಿ ಸ್ವಲ್ಪ ಒಡೆದಿದೆ, ಆದರೆ ಕೊಡ ತುಂಬುತ್ತಿದ್ದ ಅದೇ ದನಿ. ಬಾಗ್ಲಾಗ ನಿಂತೀನಿ, ಒಳಗ ಕರಿಯವರಿಲ್ಲ. ನಾನು ಕಾಲಿನ ಸದ್ದಿಗಾಗಿ ಕಿವಿಗೊಟ್ಟೆ. ಇರಲಿಲ್ಲ. ಹಾಡು ಬರಿಗಾಲಲ್ಲಿ, ಯಾರ ಕೈಯನ್ನೂ ಹಿಡಿಯದೆ, ಸರಾಗವಾಗಿ ನಡೆಯಿತು. ಎರಡನೆಯ ಸಾಲಿನ ನಡುವೆ ಒಮ್ಮೆ ಮೆತ್ತಗೆ ಟಪ್ಪೆಂದಿತು. ಮತ್ತೊಮ್ಮೆ. ಆಮೇಲೆ ಮೊದಲಿನಂತೆ.

ಬಸು ನಕ್ಕುಬಿಟ್ಟ. "ಕಾಲು ಕೇಳವಲ್ದು ಬಿಡ್ರಿ ಸರ. ಅದಕ್ಕ ಈಗ ಭಾಳ ವಯಸ್ಸಾಗೈತಿ, ಹೊಸಾದು ಹೇಳಿದ್ರ ನಂಬಂಗಿಲ್ಲ. ನಾ ನಂಬೀನಿ, ಸಾಕು." ಸ್ವಲ್ಪ ತಡೆದು, "ಇಷ್ಟ ವರ್ಷ ಯಾಕ ಹೇಳಲಿಲ್ರಿ?" ಎಂದು ಕೇಳಿದ. ಅವನೇ ಮಾತು ಬದಲಿಸಿದ: "ಬಿಸಿಲಿಗೆ ಇಟ್ಟ ಆ ಎರಡು ಸೆಲ್ಲು ಮೊದಲ ತಗದು ಒಗೀರಿ."

ಬಾಲ್ಕನಿಗೆ ಹೋದೆ. ಸಂಡಿಗೆ ಅರ್ಧ ಒಣಗಿತ್ತು. ಸೆಲ್ಲುಗಳು ಬೆಚ್ಚಗಾಗಿದ್ದವು; ಕೈಗೆತ್ತಿಕೊಂಡಾಗ ಇನ್ನೊಂದು ಅರ್ಧ ಗಂಟೆ ಓಡಬಹುದೇನೋ ಎಂದು ಹಳೆಯ ಆಸೆ ತಲೆಯೆತ್ತಿತು. ಕಸದ ಬುಟ್ಟಿಗೆ ಹಾಕಿದೆ. ಶಾರದೆ ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿದಳು, ಖಾಲಿಯಾದ ಮೂಲೆಯಲ್ಲೂ ಎರಡು ಸಂಡಿಗೆ ಇಟ್ಟಳು.

ಹೊಸ ಸೆಲ್ ತರಲು ಮೆಟ್ಟಿಲಿಳಿಯುವಾಗ ಬಸುವಿನ ಹಾಡು ಬಾಯಿಗೆ ಬಂತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಹೆಜ್ಜೆಯಾಗಿ ತಾಳ ಹಾಕುತ್ತ ಇಳಿದೆ. ಎರಡನೆಯ ಮಹಡಿ ತಲುಪುವಷ್ಟರಲ್ಲಿ ಹಾಡು ಮುಗಿದಿತ್ತು, ನನ್ನ ಕಾಲು ಇನ್ನೂ ಒಂದೂವರೆ ಸಾಲು ಹಿಂದೆ ಇತ್ತು.